ಅಳಿಯ ಹಚ್ಚಿದ ಡಬ್ಬಿ

ನನ್ನ ಮೊಮ್ಮಗಳ ನೌಕರಿ ಖಾಯಂ ಆಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಖಾನಾಪುರದ ನಮ್ಮ ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಹಾಲಿನವನಿಗಂತೂ ಎರಡು ಸಲ ಹೇಳಿದೆ. ಪಾಪ, ಎರಡನೆಯ ಸಲವೂ ಹೊಸದಾಗಿ ಕೇಳಿದವನಂತೆ "ಛಲೋ ಆತ್ ಬಿಡ್ರಿ ಅಮ್ಮಾರ" ಎಂದ. ಆದರೂ ನನಗೆ ಸಮಾಧಾನವಿಲ್ಲ. ಬಾಯಿಂದ ಹೇಳಿದ್ದು ಸಾಲದು ಅನ್ನಿಸಿ ಬರೆಯಲು ಕುಳಿತಿದ್ದೇನೆ. ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ದಪ್ಪದಪ್ಪ ಬರುತ್ತವೆ, ಆದರೆ ಬರುತ್ತವೆ.

ಸುದ್ದಿ ಸಿಹಿ, ಅದು ಬಂದ ದಿನ ಮಾತ್ರ ಸಿಹಿ ಇರಲಿಲ್ಲ. ಮುಂಜಾನೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ನಮ್ಮ ಮನೆಯಲ್ಲಿ ಎಲ್ಲರ ತಲೆಯೂ ಕೆಟ್ಟಿತ್ತು. ನನ್ನದು ಎಲ್ಲರಿಗಿಂತ ಹೆಚ್ಚು, ಯಾಕೆಂದರೆ ನನಗೆ ಮಾಡಲು ಕೆಲಸ ಏನೂ ಇರಲಿಲ್ಲ. ಬರೀ ನೋಡುವುದು.

ಮೊಮ್ಮಗಳು ಎಂದರೆ ನನ್ನ ಮಗನ ಮಗಳು. ಡಿಪ್ಲೊಮಾ ಮುಗಿಸಿ ಬೆಳಗಾವಿಯ ಮಹಾಂತೇಶ ನಗರದಲ್ಲಿ ಒಂದು ಆಫೀಸಿಗೆ ಸೇರಿದ್ದಳು. ಅಲ್ಲಿ ಮನೆ ಕಟ್ಟಿಸುವವರಿಗೆ ನಕ್ಷೆ ತಯಾರಿಸಿ ಕೊಡುತ್ತಾರೆ. ನಕ್ಷೆ ತೆಗೆಯುವವರು ಬೇರೆ. ಅಲ್ಲಿಯ ಕಂಪ್ಯೂಟರುಗಳು ಒಂದರ ಮಾತು ಒಂದು ಕೇಳುವಂತೆ ನೋಡಿಕೊಳ್ಳುವುದು ಇವಳ ಕೆಲಸ. ಮಳೆಗಾಲ ಪೂರ್ತಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದಳು. ಇಷ್ಟಾಗಿಯೂ ಅದು "ನೋಡೂಣು" ಎನ್ನುವ ನೌಕರಿ. ತಿಂಗಳು ಮುಗಿದಾಗೊಮ್ಮೆ ಮನೆಯಲ್ಲಿ ಎಲ್ಲರಿಗೂ ಎದೆ ಢವಢವ.

ಕೊನೆಗೆ ಆಫೀಸಿನ ಸಾಹೇಬರು ಒಂದು ಮಾತು ಹೇಳಿದರು. ಇನ್ನು ಮುಂದೆ ನಕ್ಷೆ ತೆಗೆಯುವವರು ತಮ್ಮ ತಮ್ಮ ಮನೆಯಲ್ಲೇ ಕುಳಿತು ಕೆಲಸ ಮಾಡಬೇಕು. ನಕ್ಷೆಗಳು ಮಾತ್ರ ಆಫೀಸಿನ ಕಂಪ್ಯೂಟರಿನಲ್ಲೇ ಇರಬೇಕು, ಹೊರಗಿನವರ ಕಣ್ಣಿಗೆ ಬೀಳಬಾರದು. ಅದಕ್ಕೆ ವಿಪಿಎನ್ ಎಂದು ಒಂದು ವ್ಯವಸ್ಥೆ ಇದೆಯಂತೆ. ಒಬ್ಬೊಬ್ಬರ ಹತ್ತಿರ ಒಂದೊಂದು ಜಾತಿಯ ಕಂಪ್ಯೂಟರು. ಕೆಲವರದು ವಿಂಡೋಸ್, ಒಬ್ಬರದು ಮ್ಯಾಕ್, ಇನ್ನೊಬ್ಬರದು ಲಿನಕ್ಸ್. ಮೂರರ ಮೇಲೂ ನಡೆಯಬೇಕು. "ಶನಿವಾರ ನಿಮ್ಮ ಮನಿ ಲೈನ್ ಮ್ಯಾಲೆ ಮೂರೂ ನಡಿಸಿ ತೋರ್ಸು. ಆಫೀಸ್ ಮುಚ್ಚೂದ್ರಾಗ ಆದ್ರ ನೀ ಖಾಯಂ. ಆಗ್ಲಿಲ್ಲಂದ್ರ ಪುಣೆದವ್ರಿಗೆ ಕೆಲಸಾ ಕೊಡ್ತೀನಿ, ನಿನಗ ಬ್ಯಾರೆ ಕೆಲಸಾ ನನ್ನ ಕಡೆ ಇಲ್ಲ" ಎಂದರಂತೆ. ಸಾಹೇಬರು ಕೆಟ್ಟವರಲ್ಲ, ಮಾತು ಮಾತ್ರ ಕೊಡಲಿಯಿಂದ ಕಡಿದ ಹಾಗೆ.

ಶನಿವಾರ ಮಗ ಎಂದಿನಂತೆ ಹಂಚಿನ ಭಟ್ಟಿಗೆ ಕೆಲಸಕ್ಕೆ ಹೋದ. ಮನೆಯಲ್ಲಿ ಉಳಿದವರು ನಾನು, ಸೊಸೆ, ಮೊಮ್ಮಗಳು. ಪಡಸಾಲೆಯಲ್ಲಿ ನನ್ನ ಮಂಚದ ಮೇಲೆ ಮೂರು ಕಂಪ್ಯೂಟರು ಸಾಲಾಗಿ ಕುಳಿತವು. ಎರಡು ಆಫೀಸಿನವು, ಒಂದು ಇವಳದೇ. ನನಗೆ ಕುಳಿತುಕೊಳ್ಳಲು ಜಾಗ ಸಿಗಲಿಲ್ಲ, ಕೆಳಗೆ ಕೌದಿ ಹಾಸಿಕೊಂಡು ಕುಳಿತೆ.

"ಏನ್ ಮಾಡೂದೈತಿ ಇದಕ್ಕ?" ಎಂದು ಕೇಳಿದೆ.

"ಆಯಿ, ಕಂಪ್ಯೂಟರಿಗೆ ಎರಡ ಬಾಗಲಾ ಇರ್ತಾವು ಅಂತ ತಿಳ್ಕೊ. ಒಂದ ವೈರಿಂದು, ಒಂದ ವೈಫೈದು. ನಾ ಮೂರನೇದು ಕೂಡಸಬೇಕು. ಅದು ಕೈಗೆ ಸಿಗೂದಿಲ್ಲ, ಕಣ್ಣಿಗೆ ಕಾಣೂದಿಲ್ಲ. ಬಾಗಲಾ ಐತಿ ಅಂತ ಕಂಪ್ಯೂಟರ ನಂಬಬೇಕು, ಅಷ್ಟ. ಆ ಬಾಗಲಾ ತಗದ್ರ ಒಳಗ ಸುರಂಗ. ಸುರಂಗದ ಆ ಕಡೆ ನಮ್ಮ ಆಫೀಸ್."

"ಇಲ್ಲದ ಬಾಗಲಾ ಹೆಂಗ ಕೂಡಸ್ತೀ ಯವ್ವಾ?"

"ಅದಕ್ಕ ಪಗಾರ ಕೊಡ್ತಾರ ಆಯಿ" ಎಂದು ನಕ್ಕಳು. ಆ ದಿನ ಸಂಜೆಯವರೆಗೆ ಅವಳು ನಕ್ಕದ್ದು ಅದೊಂದೇ ಸಲ ಎಂದು ಆಮೇಲೆ ನೆನಪಾಯಿತು.

ಮೊದಲು ಹಿಡಿದದ್ದು ವಿಂಡೋಸ್ ಇರುವುದನ್ನು. ಅದಕ್ಕೆ ಬಾಗಿಲನ್ನು ಹೊರಗಿನಿಂದ ತರಿಸಬೇಕಂತೆ. ತರಿಸಿದಳು, ಕೂಡಿಸಿದಳು. ಆಗಲಿಲ್ಲ. ನೋಡಿದರೆ, ಹಿಂದೆ ಆ ಕಂಪ್ಯೂಟರು ಬಳಸಿದವರು ಇಂಥವೇ ಬಾಗಿಲುಗಳನ್ನು ಕೂಡಿಸಲು ಹೋಗಿ ಅರ್ಧಕ್ಕೇ ಬಿಟ್ಟಿದ್ದರು. ಅಂಥ ಮುರುಕು ಬಾಗಿಲುಗಳು ಸಾಲಾಗಿ ಬಿದ್ದಿದ್ದವು, ಯಾವುದು ಹೊಸದು ಯಾವುದು ಹಳೆಯದು ಗೊತ್ತಾಗುತ್ತಿರಲಿಲ್ಲ. ಒಂದೊಂದನ್ನೇ ಕಿತ್ತು ಹಾಕಿದಳು. ಹೊಸದನ್ನು ಕೂಡಿಸಿದ ಮೇಲೆ ಆ ಮಹಾರಾಯ ತಾನು ಒಮ್ಮೆ ಮಲಗಿ ಏಳಬೇಕು ಎಂದು ಹಟ ಹಿಡಿದ. ಮಲಗಿಸಿದಳು. ಏಳಲೇ ಇಲ್ಲ. ನೀಲಿ ಪರದೆಯ ಮೇಲೆ ಚುಕ್ಕಿಗಳು ಗಾಣದೆತ್ತಿನ ಹಾಗೆ ಸುತ್ತತೊಡಗಿದವು, ಕೆಳಗೆ "ಬಂದ್ ಮಾಡಬೇಡಿ" ಎಂದು ಅಪ್ಪಣೆ. ನಾನು ಭಾಂಡೆ ತಿಕ್ಕಿ ಬಂದೆ, ಸುತ್ತುತ್ತಿದ್ದವು. ಅಂಗಳ ಗುಡಿಸಿ ಬಂದೆ, ಸುತ್ತುತ್ತಿದ್ದವು.

"ಇದೇನ್ ಪ್ರದಕ್ಷಿಣಿ ಹಾಕೂದು ಬಿಡೂದಿಲ್ಲೇನ?" ಎಂದೆ.

"ಅತ್ತ್ಯಾರ, ನೀವು ಅದರ ಎದುರಿಗೆ ಕುಂತ ದಿಟ್ಟಿಸಿದ್ರ ಅದು ನಾಚಿಕೊಂಡು ಇನ್ನೂ ತಡಾ ಮಾಡತೈತಿ. ಬರ್ರಿ, ಬಳ್ಳೊಳ್ಳಿ ಸುಲೀರಿ" ಎಂದಳು ಸೊಸೆ ಒಳಗಿನಿಂದ. ಸೊಸೆಗೆ ಎಲ್ಲವೂ ನಗೆ. ಒಳಗೊಳಗೆ ಅವಳಿಗೂ ಚಿಂತೆ ಇತ್ತು, ಅಂದು ಬೆಳ್ಳುಳ್ಳಿಯನ್ನು ಅಗತ್ಯಕ್ಕಿಂತ ಮೂರು ಪಟ್ಟು ಸುಲಿಸಿದಳು.

ಅದು ಸುತ್ತುತ್ತಿರುವಾಗಲೇ ಮೊಮ್ಮಗಳು ತನ್ನ ಸ್ವಂತದ ಹಳೆಯ ಕಂಪ್ಯೂಟರಿಗೆ ಕೈ ಹಾಕಿದಳು. ಅದು ಲಿನಕ್ಸಿನದು. ಕರಿ ಪರದೆ, ಬಿಳಿ ಅಕ್ಷರ, ಚಿತ್ರ ಗಿತ್ರ ಏನಿಲ್ಲ. ಅದರಲ್ಲಿ ಬಾಗಿಲು ಮೊದಲೇ ಇರುತ್ತದಂತೆ, ಹೊರಗಿನಿಂದ ತರಿಸಬೇಕಾಗಿಲ್ಲ. ಆದರೆ ಯಜಮಾನನ ಪಾಸ್‌ವರ್ಡು ಹೇಳದೆ ಒಂದು ಚಿಲಕವೂ ಅಲ್ಲಾಡುವುದಿಲ್ಲ. ಒಂದು ಸಾಲು ಬರೆಯುತ್ತಿದ್ದಳು, ಅದು "ಅಧಿಕಾರವಿಲ್ಲ" ಎನ್ನುತ್ತಿತ್ತು. ಪಾಸ್‌ವರ್ಡು ಕೊಟ್ಟು ಮತ್ತೆ ಬರೆದರೆ ಬೇರೆ ಯಾವುದೋ ತಪ್ಪು.

"ಅಲ್ಲ, ನಿನ್ನ ಸ್ವಂತದ್ದನ. ನಿನಗ ಅಧಿಕಾರ ಇಲ್ಲಂದ್ರ ಮತ್ಯಾರಿಗೈತಿ?" ಎಂದು ನನಗೇ ಸಿಟ್ಟು ಬಂತು.

"ಸುಮ್ಕಿರ ಆಯಿ."

ಹುಡುಗಿ ಹಿಂದೆಂದೂ ನನಗೆ ಹಾಗೆ ಅಂದದ್ದೇ ಇಲ್ಲ.

ಮೂರನೆಯದು ಬೆಳ್ಳಗೆ, ತೆಳ್ಳಗೆ ಇದ್ದ ಮ್ಯಾಕ್. ಅದರಲ್ಲೂ ಬಾಗಿಲು ಒಳಗೇ ಇರುತ್ತದೆ, ಆದರೆ ಅದು ಬೀಗರ ಮನೆಯವರ ಹಾಗೆ ಮಾತುಮಾತಿಗೆ ಒಪ್ಪಿಗೆ ಕೇಳುತ್ತಿತ್ತು. ಇವರು ಬರಬಹುದೇ? ಬರಬಹುದು. ನಿಜವಾಗಿಯೂ ಬರಬಹುದೇ? ಬರಬಹುದು. ಹಾಗಾದರೆ ಇಂಥ ಕಡೆ ಹೋಗಿ, ಇಂಥದನ್ನು ಒತ್ತಿ, ಬೆರಳು ಇಟ್ಟು ಇನ್ನೊಮ್ಮೆ ಹೇಳಿ. ಆ ಬೆರಳು ಸಾಹೇಬರದು! ಅವರಿಗೆ ಫೋನ್ ಮಾಡಿ ಪಾಸ್‌ವರ್ಡು ಕೇಳಬೇಕಾಯಿತು. ಅವರು ಯಾವುದೋ ಕಟ್ಟಡ ನೋಡಲು ಕಾಕತಿಗೆ ಹೋಗಿದ್ದರು, ತಿರುಗಿ ಫೋನ್ ಮಾಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಅಂತೂ ಮೂರರ ಮೇಲೂ ಹಸಿರು ಗುರುತು ಮೂಡಿತು. ಮೂರೂ "ಜೋಡಣೆಯಾಗಿದೆ" ಎಂದವು. ನಾನು ಎದ್ದು ಸಕ್ಕರೆ ಡಬ್ಬಿ ತರಲು ಹೊರಟೆ.

"ತಡಿ ಆಯಿ. ನಕ್ಷಾ ತಗೀಲಿ."

ನಕ್ಷೆ ತೆರೆಯಲಿಲ್ಲ.

ಒಂದರಲ್ಲೂ ತೆರೆಯಲಿಲ್ಲ. ಹಸಿರು ಗುರುತು ಹಾಗೇ ಇದೆ, ಸುರಂಗ ಇದೆ ಎಂದು ಮೂರೂ ಆಣೆ ಮಾಡಿ ಹೇಳುತ್ತಿವೆ, ನಕ್ಷೆ ಕೇಳಿದರೆ ಮಾತ್ರ ಮಣ್ಣು ನುಂಗಿದವರ ಹಾಗೆ ಸುಮ್ಮನೆ. ಆಗುವುದಿಲ್ಲ ಎಂದು ಮೊದಲೇ ಹೇಳಿದರೆ ಮನುಷ್ಯನಿಗೆ ಇಷ್ಟು ಸಿಟ್ಟು ಬರುವುದಿಲ್ಲ. ಆಗಿದೆ ಎಂದು ಹೇಳಿ ಕೊಡದೇ ಇರುವುದಿದೆಯಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ.

ಅಷ್ಟರಲ್ಲಿ ಸಾಹೇಬರ ಫೋನು. ಇವಳು ಫೋನನ್ನು ಮಂಚದ ಮೇಲೆ ಇಟ್ಟು ಮಾತಾಡುತ್ತಿದ್ದುದರಿಂದ ನಮಗೂ ಕೇಳಿಸಿತು.

"ಹಾಂ, ಝಾಲಂ ಕಾ? ಆತೇನ?"

"ಜೋಡಣಿ ಆಗೇತ್ರಿ ಸರ್, ಮೂರೂ ಹಸರ ತೋರ್ಸಾಕತ್ತಾವು. ಫೈಲ್ ಓಪನ್ ಆಗವಲ್ದು."

"ಹಸರ ದೀಪಾ ತಗೊಂಡ ನಾ ಏನ್ ಮಾಡ್ಲಿ? ಸಿಗ್ನಲ್‌ನ್ಯಾಗ ನಿಂತೀನೇನ? ನಕ್ಷಾ ತಗದ ತೋರ್ಸು. ಸಂಜಿಮಟಾ ಟೈಮ್ ಐತಿ."

ಫೋನ್ ಇಟ್ಟ ಮೇಲೆ ಅವಳು ಮೂರನ್ನೂ ಮೊದಲಿನಿಂದ ಬಿಚ್ಚಿದಳು. ನೋಡಿ, ಕಷ್ಟಪಟ್ಟು ಕೂಡಿಸಿದ ಬಾಗಿಲನ್ನು ಕಿತ್ತು, ಮತ್ತೆ ಅದನ್ನೇ ಕೂಡಿಸುವುದು. ಮೂರೂ ಮತ್ತೆ ಹಸಿರಾದವು. ಮತ್ತೆ ನಕ್ಷೆ ಇಲ್ಲ. ಸೊಸೆ ಊಟಕ್ಕೆ ಕರೆದಳು, ಇವಳು ಬರಲಿಲ್ಲ. ತಾಟನ್ನು ತಂದು ಬಾಜೂಕ್ಕೇ ಇಟ್ಟಳು. ರೊಟ್ಟಿ ಆರಿ ಸೆಟೆದುಕೊಂಡಿತು. ನಾನೂ ಉಣ್ಣಲಿಲ್ಲ. ಸೊಸೆ ಇಬ್ಬರನ್ನೂ ಬೈದು ತಾನೂ ಉಣ್ಣಲಿಲ್ಲ.

"ನಾಕ ಅಕ್ಷರ ಕಲ್ತಾಕಿ ಅಂತ ಕೆಲಸಾ ಕೊಟ್ರು ನೋಡ್ರಿ, ಮನ್ಯಾಗ ಒಬ್ರೂ ಉಣವಲ್ರು" ಎಂದು ತಾಟು ಒಳಗೆ ಒಯ್ದಳು. ಮನಸ್ಸು ತಡೆಯದೆ ಟಿವಿ ಹಚ್ಚಿದಳು, ಧ್ವನಿ ಮಾತ್ರ ಸಣ್ಣದು ಮಾಡಿ.

ಆಮೇಲೆ ಕರೆಂಟು ಹೋಯಿತು. ಖಾನಾಪುರದಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುವುದು ಹೊಸದೇನಲ್ಲ. ಟಿವಿ ಆರಿತು, ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯ ದೀಪಗಳೂ ಆರಿದವು. "ಇದೊಂದು ಬಾಕಿ ಇತ್ತು" ಎಂದು ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಮೊಮ್ಮಗಳು ಸುಮ್ಮನೆ ಕುಳಿತುಕೊಳ್ಳುವವಳಲ್ಲ. ಕಂಪ್ಯೂಟರುಗಳಲ್ಲಿ ಬ್ಯಾಟರಿ ಇತ್ತು, ತನ್ನ ಮೊಬೈಲಿನ ಇಂಟರ್ನೆಟ್ಟನ್ನು ಅವಕ್ಕೆ ಕೊಟ್ಟಳು. ಸುಮ್ಮನೆ ಒಂದು ಸಲ ನಕ್ಷೆಯ ಮೇಲೆ ಒತ್ತಿದಳು.

ನಕ್ಷೆ ತೆರೆಯಿತು! ನಿಧಾನಕ್ಕೆ, ಮೇಲಿನಿಂದ ಕೆಳಗೆ, ಪರದೆ ಇಳಿಬಿಟ್ಟ ಹಾಗೆ. ಯಾರದೋ ಮನೆ. ಅಡುಗೆಮನೆ, ದೇವರಮನೆ, ಮೆಟ್ಟಿಲು, ಎಲ್ಲ. ಮೂರರಲ್ಲೂ ಬಂತು. ನಾನು ಚಪ್ಪಾಳೆ ಹೊಡೆದೆ. ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಾಹೇಬರಿಗೆ ಫೋನ್ ಹಚ್ಚು ಎಂದೆ. ಅವಳು ಹಚ್ಚುವಷ್ಟರಲ್ಲಿ ಕರೆಂಟು ಬಂತು. ಡಬ್ಬಿಯ ದೀಪಗಳು ಮಿಣಮಿಣ ಎಂದವು, ಮೂರೂ ಕಂಪ್ಯೂಟರು ಮೊಬೈಲನ್ನು ಬಿಟ್ಟು ಡಬ್ಬಿಗೆ ಅಂಟಿಕೊಂಡವು.

ನಕ್ಷೆ ಹೋಯಿತು.

ನಾನು ಹಿಂದೆ ಯಾವತ್ತೂ ಕರೆಂಟು ಬಂದದ್ದಕ್ಕೆ ಶಾಪ ಹಾಕಿರಲಿಲ್ಲ. ಅಂದು ಹಾಕಿದೆ.

"ಮೊಬೈಲಿಂದ ಆಗತೈತೆಲ್ಲ, ಅದರಿಂದನ ತೋರ್ಸ ಬಿಡು" ಎಂದೆ.

"ಮನಿ ಲೈನಿನ ಮ್ಯಾಲೆ ತೋರ್ಸು ಅಂದಾರ ಆಯಿ. ನಕ್ಷಾ ತೆಗ್ಯಾವ್ರು ಮೊಬೈಲ್ ನೆಟ್ ಮ್ಯಾಲೆ ದಿನಾ ಹೆಂಗ ಮಾಡ್ತಾರ?"

ಅದುವರೆಗೆ ಗೊಣಗುತ್ತಿದ್ದವಳು, ಕೈ ಕೈ ಹಿಸುಕಿಕೊಳ್ಳುತ್ತಿದ್ದವಳು, ಈಗ ಕಲ್ಲಿನ ಹಾಗೆ. ಗೋಡೆಯ ಮೇಲಿನ ಡಬ್ಬಿಯನ್ನು ನೋಡುತ್ತ ಕುಳಿತಳು. ಮತ್ತೆ ವಿಂಡೋಸಿನ ಬಾಗಿಲು ಕೀಳತೊಡಗಿದಳು. ನನಗೆ ಕಂಪ್ಯೂಟರು ತಿಳಿಯುವುದಿಲ್ಲ. ಆದರೆ ಈ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಎರೆದವಳು ನಾನು. ಇವಳಿಗೆ ರೋಗ ಗೊತ್ತಾಗಿದೆ, ಹೇಳುತ್ತಿಲ್ಲ.

"ಎಲ್ಲಿ ತಪ್ಪೈತಿ ಹೇಳು."

"ಎಲ್ಲೂ ಇಲ್ಲ ಆಯಿ."

"ಮತ್ತ ಆ ಡಬ್ಬಿ ಯಾಕ ನೋಡಾಕತ್ತಿ?"

ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಎದುರು ಕುಳಿತಳು. "ಬಾಯಿ ಬಿಡವಾ. ಸಂಜಿ ಆಗಾಕತ್ತೈತಿ."

"ಡಬ್ಬಿ ಹಚ್ಚಿದಾವ್ರು ಯಾರ ಅವ್ವಾ?" ಎಂದಳು ಮೊಮ್ಮಗಳು.

ಸೊಸೆ ಎದ್ದು ಕಿಟಕಿ ಹಾಕಿ ಬಂದಳು.

ಅದನ್ನು ಹಚ್ಚಿದವರು ನಮ್ಮ ಅಳಿಯಂದಿರು. ನನ್ನ ಮಗಳನ್ನು ನಂದಗಡಕ್ಕೆ ಕೊಟ್ಟಿದ್ದೇವೆ. ಅಳಿಯ ಅಲ್ಲಿಂದ ಬೆಳಗಾವಿಯವರೆಗೆ ಮನೆಗಳಿಗೆ, ಅಂಗಡಿಗಳಿಗೆ ಇಂಟರ್ನೆಟ್ ಲೈನ್ ಎಳೆದು ಕೊಡುತ್ತಾರೆ. ನಮ್ಮ ಮನೆಗೆ ತಾವೇ ಬಂದು, ನಿಚ್ಚಣಿಕೆ ಏರಿ ಡಬ್ಬಿ ಹೊಡೆದು, ದುಡ್ಡು ಬೇಡ ಎಂದು ಹೋಗಿದ್ದರು. ಹೋಗುವಾಗ "ಇದನ್ನ ಯಾರೂ ಮುಟ್ಟಬ್ಯಾಡ್ರಿ, ಎಲ್ಲಾ ಬರೋಬ್ಬರಿ ಹಾಕೀನಿ" ಎಂದಿದ್ದರು. ಯಾರು ಮುಟ್ಟುತ್ತಾರೆ? ದಸರೆಯಲ್ಲಿ ಕುಂಕುಮ ಹಚ್ಚಲು ಮಾತ್ರ ನಾನು ಬೆರಳು ತಾಗಿಸಿದ್ದೆ.

ನಮ್ಮ ಮನೆತನದಲ್ಲಿ ಅಳಿಯ ಕೊಟ್ಟದ್ದರಲ್ಲಿ ಊನ ತೋರಿಸುವುದಿಲ್ಲ. ಅವರು ತಂದ ಮಾವಿನಹಣ್ಣು ಹುಳಿ ಇದ್ದರೂ "ಭಾಳ ಸಿಹಿ ಅದಾವ್ರಿ" ಎಂದು ತಿಂದವರು ನಾವು. ನಾನಂತೂ ಅಳಿಯನ ಎದುರು ತಲೆಯ ಮೇಲೆ ಸೆರಗು ಹೊದ್ದುಕೊಂಡೇ ನಿಲ್ಲುವವಳು. ಮದುವೆಯಾದಾಗಿನಿಂದ ಅವರ ಜೊತೆ ನನ್ನ ಮಾತು ನಾಲ್ಕೇ. ಬರ್ರಿ, ಕುಂದರ್ರಿ, ಉಣ್ರಿ, ಹೋಗಿ ಬರ್ರಿ. ಏನಾದರೂ ಹೆಚ್ಚಿಗೆ ಹೇಳುವುದಿದ್ದರೆ ಮಗಳ ಕಿವಿಯಲ್ಲಿ.

"ಡಬ್ಬಿ ಕೆಟ್ಟೈತೇನ?" ಎಂದು ಸೊಸೆ ಮೆಲ್ಲಗೆ ಕೇಳಿದಳು, ಅಳಿಯಂದಿರು ನಂದಗಡದಲ್ಲಿ ಕೇಳಿಸಿಕೊಳ್ಳುತ್ತಾರೆ ಎನ್ನುವ ಹಾಗೆ.

"ಕೆಟ್ಟಿಲ್ಲ. ನಂಬರ್ ತಪ್ಪೈತಿ." ಮೊಮ್ಮಗಳು ಹೇಳಿದಳು. "ಪ್ರತಿ ಮನ್ಯಾಗೂ ಆ ಡಬ್ಬಿ ಒಂದ ಓಣಿ ಮಾಡಿ, ಎಲ್ಲಾ ಕಂಪ್ಯೂಟರಿಗೂ ಟಿವಿಗೂ ಮೊಬೈಲಿಗೂ ಒಂದೊಂದ ನಂಬರ್ ಕೊಡತೈತಿ. ನಮ್ಮ ಆಫೀಸಿಂದೂ ಒಂದ ಓಣಿ. ಆಫೀಸಿನ ಲೈನೂ ಮಾಮಾನ ಹಚ್ಚ್ಯಾರ. ಎರಡೂ ಕಡೆ ಅದ ನಂಬರ್. ನಾ ಆಫೀಸಿನ ನಕ್ಷಾ ಇಟ್ಟ ಕಂಪ್ಯೂಟರಿನ ನಂಬರ್ ಕೂಗಿದ್ನೆಂದ್ರ, ಇವು 'ಈ ನಂಬರ್ ನಮ್ಮ ಓಣ್ಯಾಗ ಐತೆಲ್ಲ' ಅಂತ ಇಲ್ಲೇ ಹುಡಕತಾವು. ಸುರಂಗದಾಗ ಇಳಿಯೂದ ಇಲ್ಲ."

"ನಮ್ಮ ಓಣ್ಯಾಗ ಆ ನಂಬರ್ ಯಾರದೈತಿ?"

ಅವಳು ಮೂಲೆಗೆ ಬೆರಳು ತೋರಿಸಿದಳು. "ಟಿವಿದು."

ಅಂದರೆ ಮಧ್ಯಾಹ್ನದಿಂದ ಆ ಮೂರೂ ಕಂಪ್ಯೂಟರು ನಮ್ಮ ಟಿವಿಯ ಹತ್ತಿರ ಮನೆ ನಕ್ಷೆ ಕೇಳುತ್ತಿದ್ದವು! ಸೊಸೆಯ ಧಾರಾವಾಹಿ ತೋರಿಸುವ ಟಿವಿಯ ಹತ್ತಿರ! ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ, ಹುಡುಗಿಯ ಕಣ್ಣಲ್ಲಿ ನೀರಿತ್ತು.

"ಹಂಗಾರ ನಂಬರ್ ಬದಲ ಮಾಡು."

"ಪಾಸ್‌ವರ್ಡ್ ಮಾಮಾರ ಕಡೆ ಐತಿ. ಕಳ್ಳದಾರಿ ಒಂದೈತಿ, ಈ ಮೂರಕ್ಕಷ್ಟ ಏನರೆ ಮಾಡಿ ತೋರಿಸಬಹುದು. ಆದ್ರ ಆಫೀಸಿನ ಮಂದಿ ಮನಿಗೋಳ ಲೈನೂ ಭಾಳಷ್ಟ ಮಾಮಾನ ಹಚ್ಚ್ಯಾರ. ಸೋಮವಾರ ಎಲ್ಲಾರ ಮನ್ಯಾಗೂ ಇದ ಗೋಳು. ಆಗ ಖಾಯಂ ಮಾಡಿದ ಸಾಹೇಬ್ರ ತಿರುಗಿ ತಗೀತಾರ."

"ಮಾಮಾಗ ಫೋನ್ ಹಚ್ಚ ಮತ್ತ!"

"ಹೆಂಗ ಹೇಳ್ಲಿ ಆಯಿ? ನಾ ನಿನ್ನೆ ಮೊನ್ನೆ ಕಲ್ತಾಕಿ. ನೀವು ಹಾಕಿದ ನಂಬರ್ ತಪ್ಪೈತಿ ಅಂತ ಅವ್ರಿಗೆ ಹೇಳ್ಲೇನ? ನಾಳೆ ನಂದಗಡದಾಗ ಅತ್ತಿ ಮಾತ ಕೇಳಬೇಕಾಗತೈತಿ."

ಇದಕ್ಕೇ ಹುಡುಗಿ ಬಾಗಿಲು ಕೀಳುತ್ತ, ಕೂಡಿಸುತ್ತ ಹೊತ್ತು ಕಳೆಯುತ್ತಿದ್ದದ್ದು. ತನ್ನ ನೌಕರಿ ಹೋದರೂ ಸರಿ, ಮಾಮಾನ ಮಾನ ಹೋಗಬಾರದು ಎಂದು. ಇಂಥ ಮರ್ಯಾದೆಯನ್ನು ಕಲಿಸಿದವರು ಯಾರು? ನಾವೇ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಡಬ್ಬಿಯ ಮೇಲೆ, ಸಾಹೇಬರ ಮೇಲೆ, ನಾನು ಹಚ್ಚಿದ ಕುಂಕುಮದ ಮೇಲೆ.

"ಈಕಿ ಅಪ್ಪ ಬರ್ಲಿ, ಅವ್ರು ಹೇಳ್ತಾರ" ಎಂದಳು ಸೊಸೆ.

"ಅಂವಾ ಬರೂದ್ರಾಗ ಆಫೀಸ್ ಮುಚ್ಚತೈತಿ. ತಾ ಇಲ್ಲಿ ಫೋನು."

ಮೊದಲು ಮಗಳಿಗೇ ಹಚ್ಚಿದೆ. ವಿಷಯ ಹೇಳಿ "ನೀ ಸ್ವಲ್ಪ ಸಮಾಧಾನದಿಂದ ಅವ್ರಿಗೆ ತಿಳಿಸಿ ಹೇಳವಾ" ಎಂದೆ. ಅವಳು ಅಲ್ಲಿಂದ "ಯವ್ವಾ, ನನಗ ಆ ನಂಬರ್ ಗಿಂಬರ್ ತಿಳಿಯಂಗಿಲ್ಲ, ನಾ ಒಂದ ಹೇಳಾಕ ಹೋಗಿ ಒಂದ ಹೇಳ್ತೀನಿ. ತಗೊ, ಇಲ್ಲೇ ಅದಾರ" ಎಂದು ಫೋನನ್ನು ನೇರ ಅವರ ಕೈಗೇ ಕೊಟ್ಟುಬಿಟ್ಟಳು!

ಅವರು ಕಾಣುವುದಿಲ್ಲ ಎಂದು ಗೊತ್ತಿದ್ದರೂ ತಲೆಯ ಮೇಲೆ ಸೆರಗು ಎಳೆದುಕೊಂಡೆ.

"ಏನ್ರಿ ಅತ್ತ್ಯಾರ?"

"ಏನಿಲ್ರಿ... ಆರಾಮ ಅದೀರಿ?"

"ಅದೀನ್ರಿ."

"ಮನ್ಯಾಗ ಎಲ್ಲಾರೂ?"

"ಅದಾರ್ರಿ."

ಸೊಸೆ ನನ್ನ ತೋಳಿಗೆ ಚಿವುಟಿದಳು. ನಾನು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದೆ. "ಅಳಿಯಾರ, ನೀವು ಹಚ್ಚಿದ ಡಬ್ಬಿದಾಗ ನಂಬರ್ ತಪ್ಪೈತ್ರಿ, ಅದರಿಂದ ಕೂಸಿನ ನೌಕರಿ ಹೋಗಾಕತ್ತೈತ್ರಿ, ನೀವು ಈಗಿಂದೀಗ ಬರ್ರಿ."

"ತಪ್ಪ ಇರಂಗಿಲ್ರಿ. ನೋಡ್ತೀನಿ, ಬರ್ತೀನಿ" ಎಂದು ಇಟ್ಟರು. ಧ್ವನಿ ತಣ್ಣಗಿತ್ತು. ಸೊಸೆ ಮುಖ ಸಪ್ಪಗೆ ಮಾಡಿ "ಸಿಟ್ಟಿಗೆದ್ರೇನ್ರಿ?" ಎಂದಳು.

ನಂದಗಡ ಏನು ಕಾಶಿಯೇ? ಗಾಡಿ ಹತ್ತಿದರೆ ಬಂದೇಬಿಡಬಹುದು. ಆದರೆ ಅಂದು ಬರಲೇ ಇಲ್ಲ, ಬರಲೇ ಇಲ್ಲ. ಓಣಿಯಲ್ಲಿ ಗಾಡಿ ಸದ್ದಾದಾಗೆಲ್ಲ ನಾನು ಕಿಟಕಿಗೆ. ಅಷ್ಟರಲ್ಲಿ ಸಾಹೇಬರದು ಇನ್ನೊಂದು ಫೋನು, "ನಾ ಇನ್ನೊಂದ ತಾಸ್ ಇರ್ತೀನಿ, ಅಷ್ಟ." ಮೊಮ್ಮಗಳು ಕಂಪ್ಯೂಟರುಗಳ ಮುಚ್ಚಳ ಹಾಕಿ ಬ್ಯಾಗಿಗೆ ತುಂಬಲು ಹೊರಟಳು. ನಾನು ಬ್ಯಾಗು ಕಸಿದುಕೊಂಡು ಅದರ ಮೇಲೇ ಕುಳಿತೆ.

ಕೊನೆಗೆ ಬಂದರು. ಹಿಂದೆ ಮಗಳೂ ಕುಳಿತಿದ್ದಳು. ದಾರಿಯಲ್ಲಿ ಗಾಡಿಯ ಗಾಲಿ ಪಂಕ್ಚರ್ ಆಗಿತ್ತಂತೆ. ಕಾಲಿಗೆ ನೀರು ಕೊಟ್ಟೆ. "ಬರ್ರಿ, ಕುಂದರ್ರಿ" ಎಂದೆ. ಅವರು ಕುಳಿತುಕೊಳ್ಳಲಿಲ್ಲ. ನೇರ ಡಬ್ಬಿಯ ಕೆಳಗೆ ಹೋಗಿ ನಿಂತು ಮೊಮ್ಮಗಳನ್ನು ಕೇಳಿದರು. "ಏನೈತಿ, ತೋರ್ಸು."

ಅವಳು ಒಂದೊಂದಾಗಿ ತೋರಿಸಿದಳು. ಇಲ್ಲಿಯ ನಂಬರು, ಆಫೀಸಿನ ನಂಬರು, ಟಿವಿಯದು. ಅವರು ಎರಡನ್ನೂ ಮತ್ತೆ ಮತ್ತೆ ನೋಡಿದರು. ಹಣೆ ತಿಕ್ಕಿಕೊಂಡರು.

"ನಾ ಎಲ್ಲಾ ಕಡೆ ಇದ ನಂಬರ್ ಹಾಕತೀನಿ. ನೆನಪಿಡಾಕ ಸಲೀಸ್ ಅಂತ. ಒಂದ ಮನಿ ಇನ್ನೊಂದ ಮನಿಗೆ ಸುರಂಗ ತೋಡತೈತಿ ಅಂತ ಯಾರಿಗ್ ಗೊತ್ತಿತ್ತು?" ಆಮೇಲೆ ಅವಳ ಕಡೆ ತಿರುಗಿದರು. "ನಿನಗ ಯಾವಾಗ ತಿಳೀತು?"

"ಕರೆಂಟ್ ಹ್ವಾದಾಗ, ಮಾಮಾ."

"ಆಗಿಂದ ಸುಮ್ನ ಕುಂತಿ? ಒಂದ ಫೋನ್ ಮಾಡಾಕ ಏನಾಗಿತ್ತು?"

ಸೊಸೆ ನೆಲ ನೋಡಿದಳು, ನಾನು ಸೆರಗು ಸರಿಪಡಿಸಿಕೊಂಡೆ. ಅವರಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

"ನಾ ಏನ್ ಹುಲಿ ಅದೀನೇನ್ರಿ ಅತ್ತ್ಯಾರ? ನನ್ನ ಡಬ್ಬಿ ಸಲವಾಗಿ ಹುಡುಗಿ ನೌಕರಿ ಹೋದ್ರೂ ನನಗ ಹೇಳ್ತಿರಲಿಲ್ಲಾ ನೀವು?"

"ನಿಮಗ ಬ್ಯಾಸರ ಆಗಬಾರದಂತ..." ಎಂದೆ.

"ಈಗ ಆತ್ ನೋಡ್ರಿ ಬ್ಯಾಸರ, ಖರೇನ ಆತು" ಎಂದರು. ಮಗಳು ಹಿಂದಿನಿಂದ "ಮೊದ್ಲ ಕೆಲಸಾ ಮಾಡ್ರಿ, ಆಮ್ಯಾಲ ಬ್ಯಾಸರ ಮಾಡ್ಕೋರಿ" ಎಂದು ಗದರಿದಳು. ಅವಳೊಬ್ಬಳೇ ಅವರಿಗೆ ಹಾಗೆ ಹೇಳಬಲ್ಲವಳು.

ನಿಚ್ಚಣಿಕೆ ಬಂತು. ಆದರೆ ನೋಡಿ ನಮ್ಮ ಗ್ರಹಚಾರ, ಡಬ್ಬಿಯ ಪಾಸ್‌ವರ್ಡು ಅವರಿಗೇ ನೆನಪಿಲ್ಲ! ಒಂದು ಹಾಕಿದರು, ಇನ್ನೊಂದು ಹಾಕಿದರು. ಮೊಮ್ಮಗಳು ಉಗುರು ಕಚ್ಚುತ್ತಿದ್ದಳು. "ಪಿನ್ನು ಕೊಡ್ರಿ ಯಾರರೆ" ಎಂದರು. ಸೊಸೆ ಸೀರೆಯ ಪಿನ್ನು ಬಿಚ್ಚಿ ಕೊಟ್ಟಳು. ಡಬ್ಬಿಯ ಹಿಂದಿನ ಸಣ್ಣ ತೂತಿನಲ್ಲಿ ಅದನ್ನು ಒತ್ತಿ ಹಿಡಿದರು. ದೀಪಗಳೆಲ್ಲ ಒಮ್ಮೆಗೇ ಆರಿ, ಒಂದೊಂದಾಗಿ ಹತ್ತಿಕೊಂಡವು. ಡಬ್ಬಿ ಎಲ್ಲವನ್ನೂ ಮರೆತು ಹೊಸದಾಗಿ ಹುಟ್ಟಿದಂತಾಯಿತಂತೆ.

"ಯಾವ ನಂಬರ್ ಕೊಡೂಣು?" ಎಂದು ಅವರು ಮೇಲಿನಿಂದ ಕೇಳಿದರು. ನನ್ನ ಮೊಮ್ಮಗಳನ್ನು ಕೇಳಿದರು!

ಅವಳು ಒಂದು ನಂಬರು ಹೇಳಿದಳು. ಅವರು ಮರುಮಾತಿಲ್ಲದೆ ಹಾಕಿದರು.

ಅವಳ ಕರಿ ಪರದೆಯದು ಮೊದಲು ಓಡಿ ಹೋಗಿ ನಕ್ಷೆ ತಂದಿತು. ವಿಂಡೋಸಿನದು ಸ್ವಲ್ಪ ಯೋಚಿಸಿ ತಂದಿತು. ಬಿಳಿಯದು ಮತ್ತೆ ಒಪ್ಪಿಗೆ ಕೇಳಿತು. "ಕೊಟ್ಟೀವಿ, ಕೊಟ್ಟೀವಿ, ಹತ್ತ ಸಲ ಕೊಟ್ಟೀವಿ!" ಎಂದು ನಾನು ಕೂಗಿದೆ. ಅದರಲ್ಲೂ ಅದೇ ಮನೆ ಬಂತು. ಅಡುಗೆಮನೆ, ದೇವರಮನೆ, ಮೆಟ್ಟಿಲು.

ಸಾಹೇಬರಿಗೆ ವಿಡಿಯೋ ಹಚ್ಚಿ ಮೂರನ್ನೂ ತೋರಿಸಿದಳು. ಅವರು ಅಲ್ಲಿಂದಲೇ ಒಂದು ಹೊಸ ನಕ್ಷೆ ಇಟ್ಟು "ಇದನ್ನ ತಗಿ" ಎಂದರು. ಮೂರರಲ್ಲೂ ತೆಗೆದಳು.

"ಏನ್ ತೊಂದ್ರಿ ಆಗಿತ್ತು?"

ಅವಳು ಮಾಮಾನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅಳಿಯಂದಿರು ಮುಂದೆ ಬಾಗಿ ಹೇಳಿದರು. "ಸಾಹೇಬ್ರ, ನಿಮ್ಮಲ್ಲೆ ಲೈನ್ ಹಚ್ಚಿದಾಂವ ನಾನು. ಎಲ್ಲಾ ಮನಿಗೂ ಒಂದ ನಂಬರ್ ಕೊಟ್ಟಿದ್ನಿ, ಅದಕ್ಕ ಗೊಂದಲ ಆಗಿತ್ರಿ. ನಮ್ಮ ಹುಡುಗಿ ಹಿಡದ್ಲು. ನಿಮ್ಮ ಮಂದಿ ಮನಿಗೋಳದೆಲ್ಲಾ ನಾ ಬಂದು ಬದಲ ಮಾಡಿ ಕೊಡ್ತೀನ್ರಿ, ಆಕಿ ಹೇಳಿದಂಗ."

ಸಾಹೇಬರು "ಬರೋಬ್ಬರಿ" ಎಂದರು. "ಸೋಮವಾರ ಬಂದು ಆರ್ಡರ್ ತಗೊಂಡ ಹೋಗವಾ. ಖಾಯಂ."

ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ. ಹುಡುಗಿಯ ದೃಷ್ಟಿ ತೆಗೆದೆ, ಸೊಸೆಯನ್ನು ತಬ್ಬಿಕೊಂಡೆ, ಮಗಳ ಕೆನ್ನೆ ಹಿಂಡಿದೆ. ಅಳಿಯಂದಿರ ಎದುರು ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಯಾರೂ ಹೇಳಲಿಲ್ಲ, ನನಗೂ ಆಮೇಲೆಯೇ ಗೊತ್ತಾದದ್ದು.

ಸೊಸೆ ಶ್ಯಾವಿಗೆ ಕುದಿಯಲು ಇಟ್ಟಳು, ಮಗಳು ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿಯಾಯಿತು. ಮುಂಜಾನೆ ಸುಲಿದ ಆ ಬೆಳ್ಳುಳ್ಳಿಯೆಲ್ಲ ಚಟ್ನಿಗೆ ಬಿತ್ತು. ಮಗ ಭಟ್ಟಿಯಿಂದ ಕೆಂಪು ಮಣ್ಣಿನ ಕೈಯಲ್ಲೇ ಬಂದು, ಸುದ್ದಿ ಕೇಳಿ, ಹೊಸಿಲಲ್ಲೇ ಕುಳಿತುಬಿಟ್ಟ. "ನಾ ಇಲ್ಲದಾಗ ಎಲ್ಲಾ ಮುಗಿಸಿದ್ರಿ?" ಎಂದ, ಕಣ್ಣು ಒರೆಸಿಕೊಂಡು ಹಣೆಗೆಲ್ಲ ಮಣ್ಣು ಮೆತ್ತಿಕೊಂಡ.

ಎಂದಿನಂತೆ ಸೊಸೆ ಅಳಿಯಂದಿರಿಗೆ ಒಂದೇ ಮಣೆ ಹಾಕಿ ತಾಟು ಇಟ್ಟಳು. ನಮ್ಮಲ್ಲಿ ಅಳಿಯ ಮೊದಲು ಉಣ್ಣಬೇಕು, ನಾವು ಹೆಂಗಸರು ಕೊನೆಗೆ. ಅವರು ಮಣೆಯನ್ನು ಗೋಡೆಗೆ ಸರಿಸಿ ಬರೀ ನೆಲಕ್ಕೆ ಕುಳಿತರು.

"ಎಲ್ಲಾರೂ ಬರ್ರಿ. ಮಧ್ಯಾಹ್ನ ಯಾರೂ ಉಂಡಿಲ್ಲಂತ."

"ಮೊದ್ಲ ನೀವ್ ಉಣ್ರಿ" ಎಂದೆ.

"ಅತ್ತ್ಯಾರ, ಇನ್ನ ಸುಮ್ನಿದ್ರ ನಾ ಮತ್ತ ಬ್ಯಾಸರ ಮಾಡ್ಕೊಂತೀನಿ ನೋಡ್ರಿ."

ಹಾಗಾಗಿ ಎಲ್ಲರೂ ಸುತ್ತುಗಟ್ಟಿ ಕುಳಿತೆವು. ಅಳಿಯಂದಿರ ಎದುರಿಗೆ ಕುಳಿತು ನಾನು ಉಂಡದ್ದು ಅದೇ ಮೊದಲು. ಮೊದಮೊದಲು ತಾಟಿನಿಂದ ಕಣ್ಣು ಎತ್ತದೆ ಉಂಡೆ. ಆಮೇಲೆ ಮೊಮ್ಮಗಳು ಟಿವಿಗೆ ನಕ್ಷೆ ಕೇಳಿದ್ದನ್ನು ಅಪ್ಪನಿಗೆ ಹೇಳತೊಡಗಿದಳು. ಮಗ ನಕ್ಕು ನಕ್ಕು ಕೆಮ್ಮಿದ, ಅಳಿಯಂದಿರೂ ನಕ್ಕರು. "ಅಳಿಯಾರ, ಎಣ್ಣಿಗಾಯಿಗೆ ಉಪ್ಪ ಹೆಚ್ಚಾಗೇತಿ ಹೌದಲ್ರಿ?" ಎಂದು ನಾನೇ ಕೇಳಿದೆ. "ಹೌದ್ರಿ, ಸ್ವಲ್ಪ ಆಗೇತಿ" ಎಂದು ಅವರು ಇನ್ನೊಂದು ಬದನೆಕಾಯಿ ಹಾಕಿಸಿಕೊಂಡರು. ಸೊಸೆ ಎಲ್ಲರ ತಾಟಿಗೂ ಶ್ಯಾವಿಗೆ ಸುರಿಯುತ್ತ, ಸಾಕು ಎಂದವರಿಗೆ ಇನ್ನಷ್ಟು ಸುರಿಯುತ್ತ ಹೋದಳು.